ಅಕ್ಕನಿಗೊಂದು 'ಸರಿ'

ಅಣುವಿದ್ಯುತ್ ಸ್ಥಾವರಗಳು ಹೇಗೆ ನಡೆಯುತ್ತಿವೆಯೆಂದು ಪರಿಶೀಲಿಸುವುದು ನನ್ನ ಕೆಲಸ. ಅಲ್ಲಿ ಸೂಚನೆ ಪಡೆದವರು ಅದನ್ನೇ ತಿರುಗಿ ಹೇಳಬೇಕು; ಕೊಟ್ಟವರು 'ಸರಿ' ಎಂದ ಮೇಲಷ್ಟೇ ಸ್ವಿಚ್ಚಿಗೆ ಕೈ ಹಾಕಬೇಕು. ಆ 'ಸರಿ' ತಪ್ಪಿಸಿದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ.

ನರಸೀಪುರದ ಅಕ್ಕನ ಮನೆಗೆ ಹೋದಾಗಲೂ ಆ ಚಾಳಿ ಬಿಡಲಿಲ್ಲ. ನಸುಕಿನ ಮಂಜಿನಲ್ಲಿ ಕಪಿಲೆ, ಕಾವೇರಿ ಎಲ್ಲಿ ಬೆರೆಯುತ್ತವೆಂದೇ ಕಾಣುತ್ತಿರಲಿಲ್ಲ. ನೀರಿಗಿಳಿದಿದ್ದ ನನಗೆ ದಡದಿಂದ ಅಕ್ಕನ ದನಿ ಮಾತ್ರ ತೇಲಿ ಬಂತು.

"ಮುಂದುಕ್ ಓಗ್ಬ್ಯಾಡ ಕಣೋ."

"ಮುಂದಕ್ಕೆ ಹೋಗಬಾರದು," ಎಂದೆ.

"ನಾನೇಳಿದ್ದನ್ನ ನಂಗೇ ಏಳ್ತೀಯಲ್ಲೋ!" ಎಂದು ನಕ್ಕಳು.

ಮಂಜು ಕರಗುವ ಮುಂಚೆಯೇ ಬಸ್ ಹತ್ತುತ್ತಾ, "ಯುಗಾದಿಗೆ ಬರ್ತೀನಿ ಕಣಕ್ಕ," ಎಂದೆ. ಪ್ರತಿ ಸಲವೂ ಹೇಳುವ, ಒಮ್ಮೆಯೂ ನಡೆಸದ ಮಾತು.

"ಉಗಾದಿಗೆ ಬತ್ತೀಯ," ಎಂದಳು ಅಕ್ಕ, ಈ ಸಲ ನಗದೆ, ನನ್ನ ಬಾಯನ್ನೇ ನೋಡುತ್ತಾ.

ಬಸ್ ಹೊರಟಿತು. ನನ್ನ 'ಸರಿ' ಹೊರಡಲಿಲ್ಲ.