ಮಾವಶಿ ಗ್ಯಾಸ್ ತೆಗೆಸಿದ್ದು

ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಪುಟ್ಟ ಗಣಪತಿಯನ್ನು ಹಿಡಿದು ಗಂಗೂ ಮಾವಶಿ ಒಂದೊಂದೇ ಪಾತ್ರೆಯ ತಳಕ್ಕೆ ಹಚ್ಚಿ ನೋಡುತ್ತಿದ್ದರು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಇದು. ಗಣಪತಿಯ ಬೆನ್ನಿಗೆ ಅಯಸ್ಕಾಂತವಿತ್ತು. ಅದು ಅಂಟಿದ ಪಾತ್ರೆ ಇಂಡಕ್ಷನ್ ಒಲೆಗೆ ಆಗುತ್ತದೆ, ಅಂಟದ್ದು ಆಗುವುದಿಲ್ಲ. ಹಿತ್ತಾಳೆಯ ಬೋಗುಣಿಗಳಿಂದ ಗಣಪತಿ ಜಾರಿ ಜಾರಿ ಬೀಳುತ್ತಿದ್ದ.

"ಇವೆಲ್ಲಾ ನಮ್ಮ ಅತ್ತಿ ಸಾಮಾನು," ಎಂದರು. "ಆಕಿ ಹತ್ರನೂ ಯಾರೂ ಭಾಳೊತ್ತು ನಿಲ್ಲತಿದ್ದಿಲ್ಲ."

ಸದಾಶಿವ ಪೇಠದ ನಮ್ಮ ಕಟ್ಟಡದಲ್ಲಿ ಅವರ ಮನೆ ನಮ್ಮ ಮನೆಯ ಕೆಳಗಿತ್ತು. ಧಾರವಾಡದವರು. ನಮಗೆ ಸಂಬಂಧವಿಲ್ಲ, ಆದರೂ ಮರಾಠಿಯವರ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ. ಮಗ ಶ್ರೀಧರ, ಸೊಸೆ ಸುನೀತಾ ಇಬ್ಬರೂ ಕೆಲಸಕ್ಕೆ ಹೋಗುವವರು, ಅಡಿಗೆಮನೆ ಮಾವಶಿಯದು. ಒಂದು ಜ್ವರದ ನಂತರ ಅವರ ಮೂಗಿಗೆ ವಾಸನೆ ತಿಳಿಯದಂತಾಗಿತ್ತು. ಅದನ್ನವರು ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಶ್ರೀಧರ ತಳೇಗಾಂವದ ಫ್ಯಾಕ್ಟರಿಯಿಂದ ಬಂದು ಬಾಗಿಲು ತೆರೆದರೆ ಮನೆ ತುಂಬ ಗ್ಯಾಸ್. ಮಾವಶಿ ಒಲೆಯ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಅಲ್ಲಿರಲಿಲ್ಲ. ಆದರೂ ಸೊಪ್ಪಿನ ಮೇಲೆ ಓಡುವ ಆ ಬೆರಳುಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ. ಇಂಥ ಸ್ಪಷ್ಟತೆಯನ್ನು ನಂಬಬಾರದು.

ಮರುದಿನ ಮಾತ್ರ ನಾನು ಅಲ್ಲೇ ಇದ್ದೆ. ಅಡಿಗೆಗೆ ಒಬ್ಬಳನ್ನು ಗೊತ್ತು ಮಾಡುತ್ತೇನೆ ಎಂದ ಶ್ರೀಧರ. "ಅವ್ವಾ, ಇನ್ನ ಮ್ಯಾಲೆ ನೀ ಒಲಿ ಹತ್ರ ಹೋಗಬ್ಯಾಡ."

"ನಿನಗ ಅಂಜಿಕಿ ಗ್ಯಾಸಿಂದೋ, ನಂದೋ?"

"ಗ್ಯಾಸಿಂದು."

"ಹಂಗಾದ್ರ ಗ್ಯಾಸ್ ತಗಿ. ನನ್ನ ಯಾಕ ತಗೀತಿ?"

"ಕರೆಂಟಿನ ಒಲಿ ಅಂತಿಯೇನ? ಕರೆಂಟ್ ಹೋದ್ರ?"

"ಹೋಗೂದು ಗುರುವಾರ. ಅವತ್ತ ರಾಯರ ಒಪ್ಪತ್ತು. ಇರೂ ಒಂದು ಊಟ ಮುಂಜಾನೆನ ಮಾಡಿಡತೀನಿ."

ಶ್ರೀಧರ ಸುನೀತಾಳ ಮುಖ ನೋಡಿದ. "ಒಂದು ತಿಂಗಳು ನೋಡೂಣು. ಆಗಲಿಲ್ಲಂದ್ರ ಅಡಗಿಯಾಕಿ ಬರತಾಳ, ಮತ್ತ ಮಾತಿಲ್ಲ."

ಮಾವಶಿ ಆ ಸಂಜೆಯಿಂದಲೇ ಗಣಪತಿಯನ್ನು ಹಿಡಿದರು. ಗಣಪತಿ ರೊಟ್ಟಿಯ ಕಬ್ಬಿಣದ ಹಂಚಿಗೆ ಗಟ್ಟಿಯಾಗಿ ಅಂಟಿದಾಗ ಗೆದ್ದೆ ಎಂದುಕೊಂಡರು. ಆದರೆ ಹಂಚಿನ ತಳ ಗುಂಡಗಿತ್ತು. ಗಾಜಿನ ಒಲೆಯ ಮೇಲೆ ತೊಟ್ಟಿಲಿನಂತೆ ತೂಗಿತು. ನನ್ನನ್ನು ಕ್ಯಾಂಪಿನ ಪೇಟೆಗೆ ಕರೆದೊಯ್ದು ಸಪಾಟು ತಳದ ಹಂಚು ಕೊಂಡರು. ಮೀಟರಿನಿಂದ ಒಲೆಗೆಂದೇ ಬೇರೆ ದಪ್ಪ ವಯರು ಎಳೆಸಿದರು. ಸಿಲಿಂಡರ್ ಹೋದ ಜಾಗದಲ್ಲಿ ಜೋಳದ ಹಿಟ್ಟಿನ ಡಬ್ಬ ಬಂತು.

ಹೊಸ ಒಲೆಯ ಮೇಲೆ ಹಾಲು ಉಕ್ಕಿಸಬೇಕಲ್ಲ. ಅರಿಷಿಣ ಕುಂಕುಮ ಹಚ್ಚಿ ಹಾಲಿಟ್ಟರು. ಹಾಲು ಉಕ್ಕಿ ಒಲೆ ಹಚ್ಚುವ ಗುಂಡಿಗಳ ಮೇಲೆ ಹರಿಯಿತು. ಒಲೆ ಕೂಗಿಕೊಂಡು ಆರಿತು.

"ಇದಕ್ಕ ಶಾಸ್ತ್ರ ಯಾರೂ ಹೇಳಿಕೊಟ್ಟಿಲ್ಲ ಕಾಣಸ್ತದ," ಎಂದರು ಮಾವಶಿ. ಸುನೀತಾ ಚಪಾತಿಗೆ ನಾದಿಟ್ಟಿದ್ದ ಕಣಕದಿಂದ ಒಂದು ಉಂಡೆ ತೆಗೆದು, ಹೊಸೆದು, ಗುಂಡಿಗಳ ಮುಂದೆ ಹೊಲದ ಬದುವಿನ ಹಾಗೆ ಒತ್ತಿದರು. ಎರಡನೆಯ ಸಲ ಹಾಲು ಉಕ್ಕಿ ಬದುವಿಗೆ ತಾಗಿ, ಪಕ್ಕಕ್ಕೆ ತಿರುಗಿ ಕಟ್ಟೆಯಿಂದ ಇಳಿಯಿತು. ಶ್ರೀಧರ ನಕ್ಕ. ಗ್ಯಾಸಿನ ಸಂಜೆಯ ನಂತರ ಅವನು ನಕ್ಕದ್ದು ಅದೇ ಮೊದಲು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನನಗೆ ಗೊತ್ತಿಲ್ಲ.

ಉರಿಯಿಲ್ಲದೆ ರೊಟ್ಟಿ ಮೊದಮೊದಲು ಅರ್ಧವೇ ಉಬ್ಬುತ್ತಿತ್ತು. ಅಂಚನ್ನು ಅರಿವೆಯಿಂದ ಒತ್ತಿ ಒತ್ತಿ ಅದನ್ನೂ ದಾರಿಗೆ ತಂದರು. ದಾರಿಗೆ ಬಾರದ್ದು ಅವರ ಮೂಗು. ಗ್ಯಾಸಿನ ಭಯ ಹೋಯಿತು, ತಳ ಹತ್ತುವ ಭಯ ಉಳಿಯಿತು. ಕಿಟಕಿಯಿಂದ ಮೇಲಕ್ಕೆ ನನ್ನನ್ನು ಕೂಗಿ ಕೇಳುತ್ತಿದ್ದರು: "ಒಗ್ಗರಣಿ ವಾಸನಿ ಬಂತೇನಪಾ?"

"ಬಂತ್ರಿ."

"ಹೊತ್ತಿದ್ದೋ, ಛಲೋದೋ?"

"ಛಲೋದ್ರಿ."

ತಿಂಗಳು ಎಂದು ಮುಗಿಯಿತೋ, ಅಡಿಗೆಯವಳ ಮಾತನ್ನು ಯಾರೂ ಎತ್ತಲಿಲ್ಲ.

ಕೊನೆಯ ಸಲ ನಾನು ಅವರಲ್ಲಿ ಉಂಡಾಗ ಸಾರು ತಳ ಹತ್ತಿತ್ತು. ಅದರ ನಂತರವೂ ಮೆಟ್ಟಿಲ ಮೇಲೆ ಸಿಕ್ಕಿರಬಹುದು. ನೆನಪು ಊಟವನ್ನೇ ಕೊನೆಗೆ ಇಟ್ಟುಕೊಂಡಿದೆ. ಸುನೀತಾ ತಟ್ಟೆ ನೋಡುತ್ತಿದ್ದಳು. ಮಾವಶಿ ನನ್ನನ್ನು ನೋಡುತ್ತಿದ್ದರು.

"ಖರೆ ಹೇಳು."

"ತಳ ಹತ್ತೇದ ಮಾವಶಿ."

"ಅಂದ್ರ ನಾಳೆ ಒಲಿ ಒಂದು ನಂಬರ್ ಕಡಿಮಿ ಇಡಬೇಕು," ಎಂದು ನನ್ನ ಅನ್ನಕ್ಕೆ ಮಜ್ಜಿಗೆ ಹಾಕಿದರು.

ಆಷಾಢದಲ್ಲಿ ಒಂದು ಮಧ್ಯಾಹ್ನ, ಮಲಗಿದ್ದಲ್ಲೇ, ಹೃದಯ ನಿಂತು ತೀರಿಕೊಂಡರು. ಆ ಬೆಳಿಗ್ಗೆ ಮನೆಯಲ್ಲಿ ತಿಂದದ್ದು ಉಪ್ಪಿಟ್ಟು ಎನ್ನುತ್ತಾನೆ ಶ್ರೀಧರ. ಅಲ್ಲ, ಒಗ್ಗರಣೆ ಅವಲಕ್ಕಿ ಎನ್ನುತ್ತಾಳೆ ಸುನೀತಾ. ಈಗಲೂ ಆ ಮಾತು ಬಂದರೆ ಇಬ್ಬರೂ ವಾದಿಸುತ್ತಾರೆ. ಮಾಡಿದ್ದು ಯಾರು ಎಂಬುದರಲ್ಲಿ ವಾದವಿಲ್ಲ.