ಎಲ್ಲಿಗೆ ಅಂತ ಕೇಳಬಾರದು

ಈಚೆಗೆ ಒಂದು ಗುರುವಾರ ನನ್ನನ್ನು ಪೊಲೀಸರು ಹಿಡಿದರು.

ಗಾಬರಿಯಾಗಬೇಡಿ. ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಒಲೆಯ ಮೇಲೆ ಹುರುಳಿ ಬೇಯುತ್ತಿದೆ. (ಈಗಷ್ಟೇ ಎದ್ದು ನೋಡಿ ಬಂದೆ, ಇನ್ನೂ ಗಟ್ಟಿ.)

ಮದುವೆ ಗ್ಯಾಂಗಿನ ಸುದ್ದಿ ನೀವೂ ಕೇಳಿರುತ್ತೀರಿ. ರಾಜ್ಯದ ಆ ತುದಿಯಿಂದ ಈ ತುದಿಗೆ ಮೆಟಡೋರ್ ವ್ಯಾನಿನಲ್ಲಿ ಓಡಾಡುವ ಕಳ್ಳರ ತಂಡ. ಗಂಡಸರಿಗೆ ಇಸ್ತ್ರಿ ಮಾಡಿದ ಪಂಚೆ, ಹೆಂಗಸರಿಗೆ ರೇಷ್ಮೆ ಸೀರೆ, ಮುಡಿ ತುಂಬ ಹೂವು. ನೋಡಿದವರಿಗೆ ಥೇಟ್ ಮದುವೆ ದಿಬ್ಬಣ. ಊರವರು ನಿಜವಾದ ಮದುವೆಗೆ ಹೋಗಿರುವ ಹೊತ್ತು ನೋಡಿ, ಬೀಗ ಹಾಕಿದ ಮನೆಗೆ ನೆಂಟರ ಹಾಗೆ ಬಂದು ಇಳಿಯುತ್ತಾರೆ. ಅದೂ ಹಾಡಹಗಲಲ್ಲಿ! ಒಡವೆ, ಸೀರೆ, ಹಿತ್ತಾಳೆ ಪಾತ್ರೆ, ಎಲ್ಲ ಬಾಚಿಕೊಂಡು ವ್ಯಾನು ಹತ್ತುತ್ತಾರೆ. ಹೋಗುವಾಗ ಎದುರು ಮನೆಯ ಅಜ್ಜಿಗೆ ಕೈಮುಗಿದು "ಹೋಗಿ ಬರ್ತೀವಿ ಕಣಜ್ಜಿ" ಅಂತಲೂ ಹೇಳುತ್ತಾರಂತೆ. ಇವತ್ತು ತುಮಕೂರಿನ ಕಡೆ, ನಾಳೆ ಮಂಡ್ಯದ ಕಡೆ. ಒಂದು ಜಿಲ್ಲೆಯ ಪೊಲೀಸರು ಬೂಟು ಹಾಕಿಕೊಳ್ಳುವಷ್ಟರಲ್ಲಿ ಅವರು ಇನ್ನೊಂದು ಜಿಲ್ಲೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಕೋಲಾರದ ಕಡೆಗೂ ಬರುತ್ತಾರಂತೆ ಅಂತ ಸುದ್ದಿಯಾದದ್ದೇ ತಡ, ನಮ್ಮ ಪೊಲೀಸರು ಚುರುಕಾದರು. ಹಳ್ಳಿಹಳ್ಳಿಯಲ್ಲಿ ತಮಟೆ ಹೊಡೆಸಿದರು. ಟೆಂಟ್ ಸಿನಿಮಾದ ಇಂಟರ್ವಲ್‌ನಲ್ಲಿ ಸ್ಲೈಡ್ ಹಾಕಿಸಿದರು: ಅಪರಿಚಿತ ನೆಂಟರಿದ್ದಾರೆ, ಎಚ್ಚರಿಕೆ. (ಪರಿಚಿತ ನೆಂಟರ ಬಗ್ಗೆ ಎಚ್ಚರಿಸುವವರು ಯಾರು?) ರಸ್ತೆರಸ್ತೆಗೆ ಚೆಕ್‌ಪೋಸ್ಟ್. ಊರೂರಿಗೆ ಒಂದು ಗಸ್ತಿನ ಪಡೆ, ಕೈಯಲ್ಲಿ ದೊಣ್ಣೆ, ಬಾಯಲ್ಲಿ ಸೀಟಿ. ಕ್ಯಾಲನೂರಿನಲ್ಲಿ ಹಾಲು ಕರೆಯುವ ಹೊತ್ತಿಗೇ ಸೀಟಿ ಊದಿ ಊದಿ, ಹಸುಗಳು ಬೆದರಿ ಹಾಲು ಇಳಿಸದೆ, ಕೊನೆಗೆ ಹೆಂಗಸರೇ ಬಂದು ಸೀಟಿ ಕಿತ್ತುಕೊಂಡರಂತೆ.

ಇಂಥ ವಾರದಲ್ಲಿ ನಾವು ಹೊರಟೆವು. ಮೆಟಡೋರ್ ವ್ಯಾನಿನಲ್ಲಿ. ರೇಷ್ಮೆ ಸೀರೆ ಉಟ್ಟು. ಮುಡಿ ತುಂಬ ಕನಕಾಂಬರ ಮುಡಿದು.

ಬುದ್ಧಿ ಬೇಡವೇ ಅನ್ನಬೇಡಿ. ಹೆಣ್ಣು ನೋಡುವುದಕ್ಕೆ ಹಳೇ ವಾಯಿಲ್ ಸೀರೆ ಉಟ್ಟು ಹೋಗಲಾಗುತ್ತದೆಯೇ?

ಗಂಡು ನನ್ನ ತಮ್ಮ ಶೇಖರ. ಹಾಲಿನ ಡೇರಿಯಲ್ಲಿ ಕೆಲಸ. ಮೂವತ್ತು ದಾಟಿದೆ, ಗುಣ ಬಂಗಾರ, ಬಾಯಿಗೆ ಮಾತ್ರ ಬೀಗ. ಹಿಂದೆ ಎರಡು ಸಂಬಂಧ ಮಾತುಕತೆಯವರೆಗೆ ಬಂದು ಮುರಿದಿದ್ದವು. ಒಮ್ಮೆ ಕೆರೆ ಏರಿಯ ಮೇಲೆ ಸೈಕಲ್ಲಿನಿಂದ ಬಿದ್ದಿದ್ದ ಪಾಪ. ಅದನ್ನೇ ಯಾರೋ ಪುಣ್ಯಾತ್ಮರು "ಹುಡುಗನಿಗೆ ಮೂರ್ಛೆರೋಗ" ಅಂತ ಹೆಣ್ಣಿನ ಕಡೆಯವರ ಕಿವಿಗೆ ಹಾಕಿದ್ದರು. ಎರಡನೆಯದು ಮುರಿದ ದಿನ ಶೇಖರ ಬಾಯಿಬಿಟ್ಟು ಒಂದೇ ಮಾತು ಹೇಳಿದ: "ಅಕ್ಕಾ, ಇನ್ನೊಂದು ಸಲ ನೋಡ್ತೀನಿ. ಅದೂ ತಪ್ಪಿಹೋದ್ರೆ ಮತ್ತೆ ನನ್ನನ್ನ ಕರೀಬೇಡಿ."

ಆ ಇನ್ನೊಂದು ಸಲ ಈಗ ಬಂದಿತ್ತು. ಶ್ರೀನಿವಾಸಪುರದಾಚೆಯ ಒಂದು ಹಳ್ಳಿ, ಹುಡುಗಿಯ ಹೆಸರು ಸರೋಜ.

ಅದಕ್ಕೇ ನಮ್ಮ ಮುಳಬಾಗಿಲಿನ ಅತ್ತೆ, ಅಂದರೆ ನಮ್ಮಪ್ಪನ ತಂಗಿ, ಅಂದರೆ ನಮ್ಮ ಮನೆಯ ಹೈಕಮಾಂಡ್, ಹಿಂದಿನ ದಿನವೇ ಬಸ್ಸಿನಲ್ಲಿ ಬಂದಿಳಿದು ಕಟ್ಟಪ್ಪಣೆ ಮಾಡಿದರು. "ಈ ಸಲ ವಿಷಯ ಹೊಸ್ತಿಲು ದಾಟಕೂಡದು. ಯಾರು ಕೇಳಿದ್ರೂ ಏನಾದ್ರೂ ಒಂದು ಹೇಳಿ."

ಸರಿ ಅಂದೆವು. ಆ "ಏನಾದ್ರೂ ಒಂದು" ಏನು ಅಂತ ಮಾತ್ರ ಯಾರೂ ಮಾತಾಡಿಕೊಳ್ಳಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ವ್ಯಾನು ನಮ್ಮ ಬೀದಿಯ ಬಾಷಾ ಅವರದು. ಬೆಳಿಗ್ಗೆ ಬಾಗಿಲಿಗೆ ಬಂದವರು ನಗುನಗುತ್ತಾ ಕೇಳಿದರು, "ಎಲ್ಲಿಗಮ್ಮಾ?"

ಹೊಸ್ತಿಲು ದಾಟುತ್ತಿದ್ದ ಅತ್ತೆ ಇಟ್ಟ ಕಾಲು ಹಿಂದಕ್ಕೆ ತೆಗೆದು, ಒಳಗೆ ಬಂದು ಕೂತು, ನೀರು ಕುಡಿದರು. "ಒಳ್ಳೇ ಕೆಲಸಕ್ಕೆ ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನಯ್ಯಾ? ದೂರಾನಾ ಅನ್ಬೇಕು."

"ದೂರಾನಾ ಅಮ್ಮಾ?"

"ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ನಡಿ."

ಶ್ರೀನಿವಾಸಪುರ ಇನ್ನೂ ಕಾಣುವ ಮೊದಲೇ ರಸ್ತೆಗೆ ಅಡ್ಡ ಬಿದಿರು ಗಳ. ಮಾವಿನ ತೋಪಿನ ನೆರಳಿನಲ್ಲಿ ಪೊಲೀಸರ ಡೇರೆ. ಮಾವಿನಕಾಯಿ ಲಾರಿಗಳನ್ನೆಲ್ಲ ಬಿಡುತ್ತಿದ್ದ ದಫೇದಾರರು ನಮ್ಮನ್ನು ನೋಡಿದ್ದೇ ಮೀಸೆ ಮುಟ್ಟಿಕೊಂಡರು. ಮೆಟಡೋರ್, ರೇಷ್ಮೆ, ಕನಕಾಂಬರ. ಸ್ಲೈಡಿನಲ್ಲಿದ್ದದ್ದೆಲ್ಲ ಎದುರಿಗೇ ಬಂದು ನಿಂತಿದೆ!

ಅವರು ಜಾಣರು. ಎಲ್ಲರನ್ನೂ ಇಳಿಸಿ, ಒಬ್ಬೊಬ್ಬರನ್ನು ಒಂದೊಂದು ಮರದಡಿ ನಿಲ್ಲಿಸಿದರು. ಮೊದಲು ಅತ್ತೆ.

"ಎಲ್ಲಿಗಮ್ಮಾ?"

"ನೀನೂ ಎಲ್ಲಿಗೆ ಅಂತಲೇ ಕೇಳ್ತೀಯಲ್ಲಪ್ಪಾ! ಉಪ್ಪಿನಕಾಯಿಗೆ ಮಾವಿನಕಾಯಿ ತರೋಕೆ."

"ರೇಷ್ಮೆ ಸೀರೆ ಉಟ್ಕೊಂಡಾ?"

"ನಮ್ಮನೇ ಉಪ್ಪಿನಕಾಯಿ ಅಂದ್ರೆ ಏನಂದ್ಕೊಂಡಿದ್ದೀಯ?"

ಪಕ್ಕದ ಮರದಡಿ ನಮ್ಮ ಯಜಮಾನರು, ನೆಂಟರೊಬ್ಬರಿಗೆ ತುಂಬಾ ಸೀರಿಯಸ್, ನೋಡಿಕೊಂಡು ಬರುವುದಕ್ಕೆ ಅನ್ನುತ್ತಿದ್ದರು. ಸೀರಿಯಸ್ ಆದವರ ಹೆಸರು ಕೇಳಿದರೆ ತಲೆ ಕೆರೆದುಕೊಂಡರು. ನನ್ನ ಸರದಿ ಬಂತು. ನಾನು ದೇವಸ್ಥಾನಕ್ಕೆ ಅಂದೆ.

"ಯಾವ ದೇವರು?"

"ವೆಂಕಟರಮಣ."

"ಯಾವ ಊರು?"

ಅದನ್ನು ನಾನು ಯೋಚಿಸಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ನನ್ನ ಕೊರಳಿಗೆ ಬಿತ್ತು. "ಸರ ಯಾರದು?"

ಅಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳು. ಆ ಒಂದು ಪ್ರಶ್ನೆಗೆ ಮಾತ್ರ ನಿಜ ಬಾಯಿಗೆ ಬಂದುಬಿಟ್ಟಿತು. "ಪಕ್ಕದ ಮನೆಯವರದು."

ದಫೇದಾರರ ಮುಖ ದೀಪಾವಳಿಯಾಯಿತು.

ಕೊನೆಗೆ ಬಾಷಾ. "ನಂಗೆ ಗೊತ್ತಿಲ್ಲ ಸಾಬ್. ಎಲ್ಲಿಗೆ ಅಂತ ಕೇಳಬಾರದು ಅಂತ ಬೈದ್ರು. ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ." ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಗೊತ್ತಿಲ್ಲದ ಡ್ರೈವರ್! ಇನ್ನೇನು ಬೇಕು? ಶೇಖರನೋ, ಯಾವ ಪ್ರಶ್ನೆಗೂ ತುಟಿ ಬಿಚ್ಚದೆ ಮಾವಿನ ಮರವನ್ನೇ ನೋಡುತ್ತಾ ನಿಂತಿದ್ದ.

ಡೇರೆಯೊಳಗೆ ಸಬ್ ಇನ್ಸ್‌ಪೆಕ್ಟರ್ ಇದ್ದರು. ಚಿಕ್ಕ ವಯಸ್ಸು, ಸಮಾಧಾನದ ಮುಖ. ಇತ್ತ ರಾಹುಕಾಲ ಹತ್ತಿರ ಬರುತ್ತಿತ್ತು. ಅದು ಶುರುವಾಗುವುದರೊಳಗೆ ಹುಡುಗಿಯ ಮನೆ ಸೇರದಿದ್ದರೆ ಅತ್ತೆಯೇ ವ್ಯಾನು ತಿರುಗಿಸಿಬಿಡುತ್ತಿದ್ದರು. ಶೇಖರನ "ಇನ್ನೊಂದು ಸಲ" ಅಲ್ಲೇ ಮುಗಿಯುತ್ತಿತ್ತು. ನಾನು ತಡೆಯಲಾರದೆ ನಿಜ ಹೇಳಹೊರಟೆ. ಅತ್ತೆ "ನೋರು ಮೂಸ್ಕೋ!" ಅಂತ ಗದರಿದರು. (ನಮ್ಮ ಬಾಯಿ ಮುಚ್ಚಿಸುವುದಕ್ಕೆ ಅವರಿಗೆ ತೆಲುಗೇ ಆಗಬೇಕು.) ಆಮೇಲೆ ಶೇಖರನ ಮುಖ ನೋಡಿದರು. ಏನನ್ನಿಸಿತೋ, ತಾವೇ ಮುಂದೆ ಹೋಗಿ, ಇನ್ಸ್‌ಪೆಕ್ಟರರ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದರು.

ಅವರು ನಕ್ಕರು. "ಅಮ್ಮಾ, ನಿಜವಾದ ಗ್ಯಾಂಗ್ ಆಗಿದ್ರೆ ಇಷ್ಟು ಕೆಟ್ಟದಾಗಿ ಸುಳ್ಳು ಹೇಳ್ತಿರಲಿಲ್ಲ. ಕಳ್ಳರು ಎಲ್ಲರೂ ಸೇರಿ ಒಂದೇ ಸುಳ್ಳು ಹೇಳ್ತಾರೆ. ಸಂಸಾರಸ್ಥರೇ ಹೀಗೆ. ಆದ್ರೂ ನನ್ನ ಡ್ಯೂಟಿ, ಹುಡುಗಿ ಮನೆಯವರು ಗುರುತು ಹೇಳ್ಬೇಕು."

"ಜೀಪು ಮಾತ್ರ ಊರೊಳಕ್ಕೆ ಬೇಡಪ್ಪಾ. ಮನೆ ಮುಂದೆ ಪೊಲೀಸ್ ಜೀಪು ನಿಂತ್ರೆ ಆ ಹುಡುಗಿ ಗತಿ ಏನು?"

ಕೊನೆಗೆ ರಾಜಿಯಾಯಿತು. ಜೀಪಿನ ಬದಲು ದಫೇದಾರರು ನಮ್ಮ ವ್ಯಾನಿನಲ್ಲೇ ಬರುವುದು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವುದು. ಟೋಪಿ ತೆಗೆದರೆ ಖಾಕಿ ಬಟ್ಟೆ ಕಾಣುವುದಿಲ್ಲ ಅಂತ ಅತ್ತೆಯ ಲೆಕ್ಕಾಚಾರ.

ಊರ ಬಾಗಿಲಿಗೆ ಬಂದಿದ್ದೇ ತಡ, ಸೀಟಿ! ಗಸ್ತಿನ ಪಡೆ ದೊಣ್ಣೆ ಹಿಡಿದು ಸುತ್ತುಗಟ್ಟಿತು. ಒಬ್ಬಾತ ಒಳಗೆ ಬಗ್ಗಿ ನೋಡಿ, "ಲೇ, ಇವರ ಕೈಲಿ ಪೊಲೀಸ್ ಡ್ರೆಸ್ಸೂ ಐತೆ ಕಣ್ರಲಾ!" ಅಂತ ಕೂಗಿದ. ದಫೇದಾರರು ಗಡಿಬಿಡಿಯಲ್ಲಿ ಟೋಪಿ ಹಾಕಿಕೊಂಡರು. ಅನುಮಾನ ಇನ್ನೂ ಜಾಸ್ತಿಯಾಯಿತು. ಮುಂದೆ ದೊಣ್ಣೆ, ಹಿಂದೆ ಮಕ್ಕಳು, ನಡುವೆ ನಮ್ಮ ವ್ಯಾನು. ಗುಟ್ಟಾಗಿ ಹೋಗಬೇಕಿದ್ದ ನಾವು ಊರಿಗೆ ಊರೇ ಕಟ್ಟಿಕೊಂಡು ಹುಡುಗಿಯ ಮನೆ ಮುಂದೆ ಇಳಿದೆವು.

ಹುಡುಗಿಯ ಅಪ್ಪ ಜಗುಲಿಗೆ ಬಂದರು. ದಫೇದಾರರು ಕೇಳಿದರು, "ಇವರು ನಿಮಗೆ ಗೊತ್ತಾ?"

ಅವರು ನಮ್ಮನ್ನು ನೋಡಿದರು. ಸುತ್ತ ನೆರೆದ ಊರನ್ನು ನೋಡಿದರು.

"ಗೊತ್ತಿಲ್ಲ" ಅಂದರು.

ನನಗೆ ಆಮೇಲೆ ಹೊಳೆಯಿತು. ಅವರ ಮನೆಯಲ್ಲೂ ಒಬ್ಬ ಅತ್ತೆ ಇರುತ್ತಾರಲ್ಲವೇ? ಅವರ ಮಗಳಿಗೂ ಬಂದ ಸಂಬಂಧ ಊರಬಾಯಿಗೆ ಬಿದ್ದು ತಪ್ಪಿಹೋಗಿತ್ತಂತೆ. ಅವರಿಗೂ ಹೊಸ್ತಿಲು ದಾಟಬಾರದೆಂಬ ಅಪ್ಪಣೆ! ದೊಣ್ಣೆಗಳು ಮೇಲೆದ್ದವು. ದಫೇದಾರರು ಬಾಷಾ ಅವರ ಭುಜ ಹಿಡಿದೇಬಿಟ್ಟರು. ಶೇಖರ ನನ್ನ ಕಡೆ ತಿರುಗಿ ಮೆಲ್ಲಗೆ "ಹೋಗೋಣ ನಡಿ ಅಕ್ಕಾ" ಅಂದ. ಆ ದನಿ ಕೇಳಿ ನನಗೆ ಅಳುವೇ ಬಂತು.

ಆಗ ಒಳಗಿನಿಂದ ಒಂದು ಹೆಣ್ಣು ದನಿ ಕೇಳಿಸಿತು.

"ಅಪ್ಪಾ, ಗೊತ್ತಿಲ್ದೋರಿಗೆ ಬೆಳಗ್ಗೆಯಿಂದ ನನ್ನ ಕೈಲಿ ಕೇಸರಿಬಾತ್ ಯಾಕೆ ಮಾಡಿಸ್ದೆ?"

ಸರೋಜ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಸೌಟು. "ಇವರು ನನ್ನ ನೋಡೋಕೆ ಬಂದೋರು. ಒಳಗೆ ಕರ್ಕೊಂಡು ಬನ್ನಿ, ಆರಿಹೋಗುತ್ತೆ."

ಊರಿಗೆ ಊರೇ ನಕ್ಕ ನಗು ಮಾವಿನ ತೋಪಿನವರೆಗೆ ಕೇಳಿಸಿರಬೇಕು. ಗಸ್ತಿನವರೇ ನಮ್ಮ ಹಣ್ಣಿನ ಬುಟ್ಟಿ ಹೊತ್ತು ಒಳಗಿಟ್ಟರು. ರಾಹುಕಾಲಕ್ಕೆ ಮುಂಚೆ ಹೊಸ್ತಿಲು ದಾಟಿದೆವು. ಮೊದಲ ತಟ್ಟೆ ದಫೇದಾರರಿಗೆ. ತಿನ್ನುತ್ತಲೇ ಅವರು ತೋಪಿನಲ್ಲಿ ನಡೆದದ್ದನ್ನೆಲ್ಲ ಮನೆಯವರಿಗೆ ಹೇಳಿದರು.

ಶಾಸ್ತ್ರಕ್ಕೆ, ಹುಡುಗನನ್ನು ಏನಾದರೂ ಕೇಳುವುದಿದೆಯಾ ಅಂತ ಅತ್ತೆ ಸರೋಜಳಿಗೆ ಅಂದರು. ಅವಳು ತಲೆ ಎತ್ತಿ ಶೇಖರನನ್ನು ಕೇಳಿದಳು, "ಎಲ್ಲರೂ ಒಂದೊಂದು ಸುಳ್ಳು ಹೇಳಿದ್ರಂತೆ. ನೀವು ಏನು ಹೇಳಿದ್ರಿ?"

"ನಾನು ಏನೂ ಹೇಳ್ಲಿಲ್ಲ" ಅಂದ ಶೇಖರ.

"ಹೌದಮ್ಮಾ," ಬಾಯಿ ತುಂಬ ಕೇಸರಿಬಾತ್ ಇಟ್ಟುಕೊಂಡೇ ದಫೇದಾರರು ಅಂದರು. "ಇವನೊಬ್ಬ ಬಾಯೇ ಬಿಡ್ಲಿಲ್ಲ. ಅದಕ್ಕೇ ಇವನೇ ಗ್ಯಾಂಗ್ ಲೀಡರ್ ಅಂದ್ಕೊಂಡಿದ್ವಿ."

ಅವಳು ನಕ್ಕಳು. ಅವನೂ ನಕ್ಕ. ನಮ್ಮ ಶೇಖರ ಹಾಗೆ ನಕ್ಕಿದ್ದು ನೋಡಿ ಎಷ್ಟು ಕಾಲವಾಗಿತ್ತೋ! ಮುಂದಿನದನ್ನು ಹಿರಿಯರು ಮಾತಾಡಿದೆವು ಅಷ್ಟೆ.

ನಿಶ್ಚಿತಾರ್ಥವೂ ಆಯಿತು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. (ಪಕ್ಕದ ಮನೆಯವರೇ, ಫೋಟೋ ತೆಗೆಸಿಕೊಳ್ಳಲಿಕ್ಕೆ ಅಂತ ಹೇಳಿ ತಂದ ಸರ ಯಾವ ಕೆಲಸಕ್ಕೆ ಅಂತ ಈಗ ತಿಳಿಯಿತಲ್ಲ? ಕ್ಷಮಿಸಿಬಿಡಿ.)

ಮೊನ್ನೆ ದಫೇದಾರರು ಕೋರ್ಟಿನ ಕೆಲಸಕ್ಕೆ ಕೋಲಾರಕ್ಕೆ ಬಂದವರು ಮನೆಗೂ ಬಂದಿದ್ದರು. ಮದುವೆ ಗ್ಯಾಂಗ್ ಬೇರೊಂದು ಜಿಲ್ಲೆಯಲ್ಲಿ ಸಿಕ್ಕಿಬಿತ್ತಂತೆ. ನಮ್ಮ ಪ್ರಸಂಗವಾದ ಮೇಲೆ ಇನ್ಸ್‌ಪೆಕ್ಟರರು ಎಲ್ಲ ಕಡೆಗೂ ವೈರ್‌ಲೆಸ್‌ನಲ್ಲಿ ಹೇಳಿದ್ದರಂತೆ: ಒಬ್ಬೊಬ್ಬರನ್ನೇ ಬೇರೆ ಬೇರೆ ನಿಲ್ಲಿಸಿ ಕೇಳಿ, ಎಲ್ಲರ ಉತ್ತರವೂ ಒಂದೇ ಆದರೆ ಬಿಡಬೇಡಿ.

"ಮುದುಕಿಯಿಂದ ಡ್ರೈವರ್‌ವರೆಗೆ ಒಂದೇ ಮಾತಂತೆ ಕಣಮ್ಮಾ. ಅದೇ ಊರು, ಅದೇ ಛತ್ರ, ಅದೇ ಮುಹೂರ್ತ. ಯಾರೊಬ್ಬರೂ ಬೀಗರನ್ನ ಬೈಲಿಲ್ಲವಂತೆ. ಮದುವೆಗೆ ಹೋಗೋರು ಬೀಗರನ್ನ ಬೈಯದೆ ಇರ್ತಾರಾ? ಅಲ್ಲೇ ಸಿಕ್ಕಿಬಿದ್ರು!"

ಕಾಫಿ ಕೊಟ್ಟು ಕಳಿಸಿದೆ. ಒಳಗೆ ನಮ್ಮಲ್ಲೂ ಮದುವೆ ಎಲ್ಲಿ ಅನ್ನುವ ಮಾತು ನಡೆದಿತ್ತು. ಅತ್ತೆ ಮುಳಬಾಗಿಲು ಅಂದರು. ಯಜಮಾನರು ಕೋಲಾರ ಅಂದರು. ಶ್ರೀನಿವಾಸಪುರ ಬಿಟ್ಟು ಬೇರೆ ಕಡೆ ಆಗುವುದಿಲ್ಲ ಅಂತ ಬೀಗರು ಹೇಳಿ ಕಳಿಸಿದ್ದರು. ಮಾಲೂರಿನಲ್ಲಿ ನನ್ನ ಚಿಕ್ಕಪ್ಪನ ಮನೆ ಪಕ್ಕದಲ್ಲೇ ಛತ್ರ ಇರುವಾಗ ಇವರೆಲ್ಲ ಯಾಕೆ ಒದ್ದಾಡುತ್ತಾರೆ ಅಂತ ನಾನು. ಮದುಮಗ ಬಾಯೇ ಬಿಡಲಿಲ್ಲ. ವ್ಯಾನು ಗೊತ್ತುಮಾಡಲು ಕರೆಸಿದ್ದ ಬಾಷಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಎಡಕ್ಕೋ ಬಲಕ್ಕೋ, ಅಷ್ಟು ಹೇಳಿಬಿಡಿ ಅಮ್ಮಾ" ಅಂದರು.

ನಾವು ಗ್ಯಾಂಗ್ ಅಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು, ಹೇಳಿ?