ಕರೆಸಿದವರ ಖರ್ಚು

ಇರಣ್ಣನನ್ನು ನಂಬಿಸುವುದಕ್ಕೆ ದೊಡ್ಡ ಬುದ್ಧಿವಂತಿಕೆಯೇನೂ ಬೇಕಿರಲಿಲ್ಲ, ಅವನ ಕಣ್ಣೆದುರು ಒಂದು ಸಹಿ ಹಾಕಿದರೆ ಸಾಕಿತ್ತು. ಬ್ಯಾಡಗಿ ಕಡೆಯಿಂದ ಬಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ಸೇರಿದವನು ನಿವೃತ್ತಿಯಾಗುವ ತನಕ ಅಲ್ಲೇ ಇದ್ದ. ಒಂದು ದಾರದುಂಡೆ ಹೊರಗೆ ಹೋಗಬೇಕಾದರೂ ಸಹಿ ಬೀಳಬೇಕು. ಮ್ಯಾನೇಜರ್ ಆದರೂ ಅಷ್ಟೇ, ಮಾಲೀಕನ ಅಳಿಯನಾದರೂ ಅಷ್ಟೇ. ‘ಸಹಿ ಮಾಡಿದಂವ ತಪ್ಪಿಸ್ಕೊಳ್ಳಾಕ ಆಗಂಗಿಲ್ಲ’ ಎನ್ನುತ್ತಿದ್ದ. ಕಾರ್ಖಾನೆಯ ಕಾಂಪೌಂಡಿನೊಳಗೆ ಅದು ನಿಜವೂ ಆಗಿತ್ತು. ಹೊರಗೆ ಹಾಗಿಲ್ಲ ಎಂದು ಪಾಪ, ಯಾರೂ ಅವನಿಗೆ ಹೇಳಿರಲಿಲ್ಲ.

ನಿವೃತ್ತಿಯ ದುಡ್ಡಿನಲ್ಲಿ ಬೇಗೂರಿನಾಚೆ ಒಂದು ಅಪಾರ್ಟ್‌ಮೆಂಟಿನ ಸಿ ಬ್ಲಾಕಿನಲ್ಲಿ ಮನೆ ಕೊಂಡ. ನಾಲ್ಕನೇ ಮಹಡಿ, ಹೆಂಡತಿ ಸಿದ್ದಮ್ಮನ ಹೆಸರಿಗೆ. ಗಾಳಿ ಬೆಳಕು ಚೆನ್ನಾಗಿತ್ತು, ಲಿಫ್ಟೂ ಇತ್ತು. ಯುಗಾದಿ ಕಳೆದ ವಾರ ಆ ಲಿಫ್ಟು ಕೆಟ್ಟು ನಿಂತಿತು. ಮೋಟಾರೇ ಹೋಗಿದೆ, ಹೊಸದು ಹಾಕಬೇಕು, ದೊಡ್ಡ ಖರ್ಚು ಎಂದರು ಕಂಪನಿಯವರು. ಓನರುಗಳ ಸಂಘದ ಕಾರ್ಯದರ್ಶಿ ಹನುಮಂತಯ್ಯ ಎ ಬ್ಲಾಕಿನವನು, ಬ್ಯಾಂಕಿನಲ್ಲಿದ್ದು ರಿಟೈರ್ ಆದವನು. ಅವನು ನಯವಾಗಿ ಕೈ ಕೊಡವಿಕೊಂಡ. “ಸಿ ಬ್ಲಾಕ್ ಲಿಫ್ಟು ಸಾರ್, ಸಿ ಬ್ಲಾಕಿನವರೇ ಹಾಕ್ಕೊಂಡು ಮಾಡಿಸ್ಕೊಳ್ಳಿ. ಕಾಮನ್ ಫಂಡಿಂದ ಕೊಟ್ರೆ ಬೇರೆಯವರು ನನ್ ತಲೆ ತಿಂತಾರೆ.” ಸಿ ಬ್ಲಾಕಿನ ಕೆಳಗಿನ ಮನೆಗಳವರನ್ನು ಕೇಳಿದರೆ, “ನಾವು ಮೆಟ್ಲಲ್ಲೇ ಓಡಾಡ್ತೀವಿ ಅಂಕಲ್, ಹೆಲ್ತ್‌ಗೂ ಒಳ್ಳೇದು” ಎಂದರು. ಮೊದಲನೇ ಮಹಡಿಯವರಿಗೆ ಆರೋಗ್ಯದ ಬಗ್ಗೆ ಏನು ಕಾಳಜಿ ಅಂತೀರಿ!

ಸಿದ್ದಮ್ಮನ ಎರಡೂ ಮಂಡಿ ಸವೆದಿದ್ದವು. ಯುಗಾದಿಯಿಂದ ಶ್ರಾವಣ ಮುಗಿಯುವ ತನಕ ಅವಳು ನೆಲ ತುಳಿದಿರಲಿಲ್ಲ. ಮಂಡಿಗೆ ಇಂಜೆಕ್ಷನ್ ಹಾಕಿಸಬೇಕೆಂದು ದುಡ್ಡು ತೆಗೆದಿಟ್ಟಿದ್ದರು. ಆದರೆ ಆಸ್ಪತ್ರೆಗೆ ಹೋಗಲು ಮೊದಲು ಕೆಳಗಿಳಿಯಬೇಕಲ್ಲ.

“ನಾ ಏನ್ ಗಿಳಿ ಆಗೀನೇನ್ರಿ, ಪಂಜರದಾಗ ಕುಂತು ಕಾಳು ತಿನ್ನಾಕ? ಕೆಳಗ ಕಾಯಿಪಲ್ಲೆ ಗಾಡಿ ಬರ್ತದ, ಮ್ಯಾಲಿಂದ ಅದರ ಛತ್ರಿ ಅಷ್ಟ ಕಾಣ್ತದ. ನಮ್ಮನಿ ಮುಂದಿನ ನೆಲ ನನಗ ಮರತ ಹೋಗೇತಿ” ಎಂದು ಒಂದು ದಿನ ಅತ್ತೇಬಿಟ್ಟಳು. ಅವಳು ಅಳುವ ಹೆಂಗಸಲ್ಲ. ಮಾರನೆಯ ದಿನವೇ ಇರಣ್ಣ ಮನೆಮನೆ ಹತ್ತಿಳಿದು ಸಹಿ ಕೇಳತೊಡಗಿದ. ಇಂತಿಷ್ಟು ಓನರುಗಳು ಬರೆದುಕೊಟ್ಟರೆ ಸಂಘ ವಿಶೇಷ ಸಭೆ ಕರೆಯಲೇಬೇಕೆಂದು ನಿಯಮವಿತ್ತು. ಅಲ್ಲಿ ಠರಾವು ಪಾಸಾದರೆ ಲಿಫ್ಟಿನ ಖರ್ಚು ಕಾಮನ್ ಫಂಡಿಗೆ ಬೀಳುತ್ತಿತ್ತು.

ಸಹಿಗೇನು, ಎಲ್ಲರೂ ಹಾಕಿದರು. ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗಿ ಸೌಮ್ಯಾ, “ಅಂಕಲ್, ನನ್ ಫುಲ್ ಸಪೋರ್ಟ್ ನಿಮ್ಗೆ” ಎಂದಳು. ಎಲ್ಲರಿಗಿಂತ ದೊಡ್ಡ ಆಸರೆ ಮುನಿಕೃಷ್ಣ. ಅಪಾರ್ಟ್‌ಮೆಂಟ್ ಎದ್ದ ಜಾಗ ಅವರಪ್ಪನ ರಾಗಿ ಹೊಲ; ಜಾಗ ಕೊಟ್ಟಿದ್ದಕ್ಕೆ ಅಣ್ಣತಮ್ಮಂದಿರ ಪಾಲಿಗೆ ಎ ಬ್ಲಾಕ್ ಮುಕ್ಕಾಲು ಪಾಲು ಬಂದಿತ್ತು. “ಯೋಚ್ನೆ ಮಾಡ್ಬ್ಯಾಡಿ ಯಜಮಾನ್ರೇ, ನಾವ್ ಅಣ್ತಮ್ಮಂದ್ರು ಅಷ್ಟೂ ಜನ ಬಂದು ಕೈ ಎತ್ತೀವಿ. ಅಕ್ಕಂಗೆ ಕಷ್ಟ ಅಂದ್ರೆ ಸುಮ್ಕಿರಕಾಯ್ತದಾ?” ಎಂದು ದಪ್ಪಕ್ಷರದಲ್ಲಿ ಹೆಸರು ಬರೆದ. ಅವರು ಬಂದರೆ ಸಭೆಗೆ ಬೇಕಾದಷ್ಟು ತಲೆ ಸೇರಿ ಕೋರಂ ಆದಂತೆಯೇ.

ಕಾಗದ ನೋಡಿ ಹನುಮಂತಯ್ಯನ ಮುಖ ಸ್ವಲ್ಪವೂ ಕೆಡಲಿಲ್ಲ. “ಸಭೆನ ಸಂಘ ಕರೆದ್ರೆ ಖರ್ಚಿಗೆ ಸಂಘದ ದುಡ್ಡು. ಓನರ್‌ಗಳು ಕರೆಸಿದ್ರೆ ಕರೆಸಿದವರ ದುಡ್ಡು ಸಾರ್, ಬೈಲಾದಲ್ಲೇ ಇದೆ. ಕೋರಂ ಆಗಿ ಠರಾವು ಪಾಸಾದ್ರೆ ವಾಪಸ್ ಕೊಡ್ತೀವಿ. ಓನರ್‌ಗಳು ಖುದ್ದಾಗಿ ಬರ್ಬೇಕು, ಬದಲಿಗೆ ಯಾರನ್ನೂ ಕಳ್ಸೋ ಹಾಗಿಲ್ಲ. ಮನೆ ಮೇಡಂ ಹೆಸ್ರಲ್ಲಿದೆಯಲ್ವಾ? ಅವ್ರೂ ಕೆಳಗೆ ಬರ್ಬೇಕಾಗುತ್ತೆ.”

ಲಿಫ್ಟಿಲ್ಲ ಎಂದು ದೂರುವವಳು ದೂರು ಹೇಳಲು ಲಿಫ್ಟಿಲ್ಲದೆ ಇಳಿದು ಬರಬೇಕು! ಇರಣ್ಣ ಅದನ್ನೂ ನುಂಗಿಕೊಂಡ.

“ಯಾವತ್ತು ಇಟ್ಕೊಳ್ಳೋಣ, ನೀವೇ ಹೇಳಿ” ಎಂದ ಹನುಮಂತಯ್ಯ. ಇರಣ್ಣ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದ. ಒಂದು ಭಾನುವಾರ ಕಣ್ಣಿಗೆ ಬಿತ್ತು, ಅಂದು ಅಮಾವಾಸ್ಯೆ. ಅವನ ಕಡೆ ಅಮಾವಾಸ್ಯೆಯೆಂದರೆ ಒಳ್ಳೆಯ ದಿನ, ಎತ್ತಿಕೊಂಡ ಕೆಲಸ ಕೈಗೂಡುವ ದಿನ. ರಜೆಯೂ ಆಯಿತು, ಶುಭವೂ ಆಯಿತು ಎಂದು ಹಿಗ್ಗಿದ. ಹನುಮಂತಯ್ಯ ಕ್ಯಾಲೆಂಡರ್ ನೋಡಿದ, ಇರಣ್ಣನ ಮುಖ ನೋಡಿದ. “ನಿಮ್ಮಿಷ್ಟ ಸಾರ್” ಎಂದು ಅಂದೇ ನೋಟಿಸು ಕಳಿಸಿದ.

ಸಭೆಯ ಖರ್ಚನ್ನು ಹಂಚಿಕೊಳ್ಳೋಣವೆಂದು ಇರಣ್ಣ ಮತ್ತೆ ಮೆಟ್ಟಿಲು ಹತ್ತಿದರೆ, ಸಹಿ ಹಾಕಿದವರ ಬಾಗಿಲುಗಳು ಅರ್ಧ ಮಾತ್ರ ತೆರೆದವು. “ನಾನು ಸಹಿ ಹಾಕಿದ್ದು ಲಿಫ್ಟಿಗೆ ಕಣ್ರೀ, ಶಾಮಿಯಾನಕ್ಕಲ್ಲ” ಎಂದನೊಬ್ಬ. ಇನ್ನೊಬ್ಬ ಆಮೇಲೆ ಕಳಿಸ್ತೀನಿ ಎಂದವನು ಪತ್ತೆಯೇ ಇಲ್ಲ. ಶಾಮಿಯಾನ, ಕುರ್ಚಿ, ಮೈಕು, ವಿಡಿಯೋ, ಮೇಲೆ ಉಪ್ಪಿಟ್ಟು ಕೇಸರಿಬಾತು, ಎಲ್ಲಕ್ಕೂ ಮಂಡಿಯ ದುಡ್ಡೇ ಹೋಯಿತು. “ಹೋಗ್ಲಿ ಬಿಡ್ರಿ, ಲಿಫ್ಟ್ ಆದ್ರ ವಾಪಸ್ ಬರ್ತದಲ್ಲ” ಎಂದು ಸಿದ್ದಮ್ಮನೇ ಧೈರ್ಯ ಹೇಳಿದಳು.

ಆ ಭಾನುವಾರ ಬೆಳಿಗ್ಗೆ ಅವಳು ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ತಯಾರಾದಳು. ಹನುಮಂತಯ್ಯನೇ ಕಳಿಸಿದ್ದ ವಾಚ್‌ಮನ್ ಮುತ್ತು ಮತ್ತು ಅವನ ಜೊತೆಯವರು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತಿರುವು ತಿರುವಿಗೂ “ಹುಷಾರಮ್ಮ, ಗಟ್ಟಿಯಾಗಿ ಹಿಡ್ಕೊಳ್ಳಿ” ಎನ್ನುತ್ತ ಇಳಿಸಿದರು. ಕೆಳಗೆ ಬಂದದ್ದೇ ಚಪ್ಪಲಿ ಬಿಟ್ಟು ಬರಿಗಾಲು ನೆಲಕ್ಕೂರಿದಳು. “ಅಯ್ಯ, ಎಷ್ಟ್ ತಂಪೈತ್ರಿ!” ಎಂದು ನಕ್ಕಳು. ತರಕಾರಿ ಗಾಡಿಯವಳನ್ನು ಗೇಟಿನ ತನಕ ಕರೆಸಿ, ಬೇಕಿತ್ತೋ ಬೇಡವೋ, ಒಂದು ಕಟ್ಟು ಮೆಂತ್ಯ ಕೊಂಡಳು. ಅವಳ ಆ ನಗು ನೋಡಿ ಇರಣ್ಣನಿಗೆ ಎಲ್ಲ ಖರ್ಚೂ ಸಾರ್ಥಕವೆನಿಸಿತು.

ಹನ್ನೊಂದಾಯಿತು. ಕುರ್ಚಿಗಳು ಖಾಲಿ. ಬಾಡಿಗೆ ಮನೆಯವರು ಹತ್ತಾರು ಮಂದಿ ಬಂದು ಉಪ್ಪಿಟ್ಟು ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದರು. ಅವರಿಗೆ ಓಟಿಲ್ಲ. ಸೌಮ್ಯಾ ತನ್ನೂರಿಗೆ ಹೋಗಿದ್ದಳು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ಕಳಿಸಿದಳು. ಮುನಿಕೃಷ್ಣನೂ ಇಲ್ಲ, ಅವನ ತಮ್ಮಂದಿರೂ ಇಲ್ಲ. ಇರಣ್ಣ ಮುನಿಕೃಷ್ಣನಿಗೆ ಫೋನು ಮಾಡಿದ.

“ಅಯ್ಯೋ ಯಜಮಾನ್ರೇ, ಇವತ್ತು ಮಾಲಯ ಅಮಾಸೆ ಅಲ್ವಾ!” ಆ ಕಡೆ ಪಾತ್ರೆಗಳ ಸದ್ದು, ಮಂದಿಯ ಗದ್ದಲ. “ನಮ್ಮಪ್ಪಂಗೆ, ತಾತಂಗೆ ಎಡೆ ಇಕ್ತಾ ಇದೀವಿ. ನೆಂಟ್ರೆಲ್ಲ ಬಂದವ್ರೆ. ಇರೋರ ಕೆಲ್ಸ ನಾಳೆನೂ ಮಾಡ್ಬೌದು, ಹೋದೋರ್ಗೆ ಇವತ್ತೇ ಇಕ್ಬೇಕು. ಇವತ್ ಯಾರಾದ್ರೂ ಮೀಟಿಂಗ್ ಇಕ್ಕಂತಾರಾ? ಸೆಕ್ರೆಟ್ರಿ ಯೋಳ್ಲಿಲ್ವಾ ನಿಮ್ಗೆ?”

ಇರಣ್ಣನ ಮನೆತನದಲ್ಲಿ ಸತ್ತವರು ಲಿಂಗೈಕ್ಯರಾದರೆಂದರೆ ಮುಗಿಯಿತು. ವರ್ಷವರ್ಷ ಅವರು ಊಟಕ್ಕೆ ಬರುವುದಿಲ್ಲ, ಪಿತೃಪಕ್ಷವೂ ಇಲ್ಲ. ಬೆಂಗಳೂರಿನಲ್ಲಿ ಇಷ್ಟು ವರ್ಷ ಅನ್ನ ತಿಂದೂ, ಈ ಸೀಮೆಯವರು ಆ ಅಮಾವಾಸ್ಯೆಯಂದು ಎಲ್ಲಿರುತ್ತಾರೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಹನುಮಂತಯ್ಯನಿಗೆ ಗೊತ್ತಿತ್ತು. ಅವನ ಹಿರಿಯರ ಪೂಜೆ ಹಿಂದಿನ ವಾರವೇ, ತಿಥಿಯ ದಿನ ಮುಗಿದುಹೋಗಿತ್ತು.

“ನೀವು ಆವತ್ತ ಹೇಳಬಹುದಿತ್ತಲ್ರಿ” ಎಂದ ಇರಣ್ಣ. ಹನುಮಂತಯ್ಯ ಮೈಕಿನ ಪಕ್ಕದಲ್ಲೇ ನಿಂತಿದ್ದ.

“ದಿನ ಗೊತ್ತು ಮಾಡೋದು ಕರೆಸಿದವರ ಹಕ್ಕು ಸಾರ್. ನಾನ್ ಹೆಂಗೆ ಅಡ್ಡ ಬರ್ಲಿ?” ಹನುಮಂತಯ್ಯ ಗಡಿಯಾರ ನೋಡಿದ. “ಕೋರಂ ಇಲ್ಲ, ಸಭೆ ರದ್ದು. ಇದೇ ವಿಷಯಕ್ಕೆ ಇನ್ನೊಂದು ವರ್ಷ ಮತ್ತೆ ಸಭೆ ಕೇಳೋ ಹಾಗಿಲ್ಲ.” ಮೈಕಿನಲ್ಲೇ ಹೇಳಿದ. ಮೈಕಿನ ಬಾಡಿಗೆ ಕೊಟ್ಟವನು ಇರಣ್ಣ.

ಶಾಮಿಯಾನದವರು ಒಂದೊಂದೇ ಕುರ್ಚಿ ಮಡಚಿ ಲಗೇಜ್ ಆಟೋಗೆ ಹಾಕಿದರು. ಕೊನೆಗೆ ಉಳಿದದ್ದು ಸಿದ್ದಮ್ಮ ಕೂತ ಪ್ಲಾಸ್ಟಿಕ್ ಕುರ್ಚಿ. ಮುತ್ತು ತಲೆ ತಗ್ಗಿಸಿ ಬಂದ. “ಅಮ್ಮ, ಸಭೆ ಮುಗೀತಂತೆ, ನಮ್ಗೆ ಗೇಟ್ ಡ್ಯೂಟಿ ಹಾಕಿದಾರೆ. ಮತ್ತೆ ಎತ್ತಿದ್ರೆ ಸೆಕ್ರೆಟ್ರಿ ಸಾರ್ ಬೈತಾರೆ.” ಇರಣ್ಣ ಅವನನ್ನು ಬೈಯಲಿಲ್ಲ. ಬೈಯಬೇಕಾದವನು ಆಗಲೇ ಎ ಬ್ಲಾಕಿನ ಲಿಫ್ಟಿನಲ್ಲಿ ತನ್ನ ಮನೆಗೆ ಹೋಗಿಯಾಗಿತ್ತು.

ಸಿದ್ದಮ್ಮ ಮೆಟ್ಟಿಲಿಗೆ ಬೆನ್ನು ಮಾಡಿ ಕೂತಳು. ಎರಡು ಕೈ ಊರಿ ಒಂದು ಮೆಟ್ಟಿಲು ಮೇಲಕ್ಕೆ ಜರುಗಿದಳು, ಮತ್ತೆ ಒಂದು. ಇಳಕಲ್ ಸೀರೆ ಧೂಳು ಬಳಿಯುತ್ತ ಹೋಯಿತು. ಇರಣ್ಣ ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಅವಳ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಸಹಿ ಹಾಕಿದ ಮನೆಗಳ ಬಾಗಿಲುಗಳು ಒಂದೊಂದಾಗಿ ದಾಟಿದವು. ಒಬ್ಬರೂ ತೆರೆಯಲಿಲ್ಲ. ಎರಡನೇ ಮಹಡಿಯಲ್ಲಿ ಅವನಿಗೆ ಅಳು ತಡೆಯಲಾಗಲಿಲ್ಲ. “ತಪ್ಪಾತು ನಂದು” ಎಂದ. “ಸುಮ್ನಿರ್ರಿ, ಕಾಲ್ ಹಿಡೀರಿ” ಎಂದಳು ಅವಳು.

ಹತ್ತು ದಿನವಾದ ಮೇಲೆ ಸಂಘದ ಬಿಲ್ಲು ಬಂತು. ಇರಣ್ಣ ಕೊಟ್ಟದ್ದೆಲ್ಲ ಕಳೆದು, ಉಳಿದ ಒಂದು ಬಾಬ್ತು ಅದರಲ್ಲಿತ್ತು: ಸಭೆಗಾಗಿ ಮೇಡಂ ಅವರನ್ನು ಕೆಳಗಿಳಿಸಿದ ಬಾಬ್ತು, ಸೆಕ್ಯುರಿಟಿಯವರ ಕೂಲಿ. ಕಟ್ಟದಿದ್ದರೆ ಮೇಂಟೆನೆನ್ಸ್ ಜೊತೆ ಬಡ್ಡಿ ಸೇರುತ್ತದೆ ಎಂದೂ ಬರೆದಿತ್ತು. ಇರಣ್ಣ ಓದಿ ಹೇಳಿದ.

ಸಿದ್ದಮ್ಮ ಬಾಲ್ಕನಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. “ಏರಿದ್ದಕ್ಕ ಏನಾರ ಬರದಾರೇನ್ರಿ?”

“ಇಲ್ಲ.”

“ಪುಣ್ಯವಂತರು” ಎಂದಳು. “ಅದನ್ನಾರ ಪುಕ್ಕಟ ಬಿಟ್ಟಾರ.”